ಹಕ್ಕಲಿಗೆ ಬಿಟ್ಟ ಮೂಲೆ

ಈ ಜನವರಿಯಲ್ಲಿ ಸಿಂದಗಿಯ ಬಸ್ ನಿಲ್ದಾಣದ ಹೊರಗೆ, ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸಿಕೊಂಡು ಹೋಗುವ ರಸ್ತೆಯ ಬದಿಯಲ್ಲಿ, ಒಬ್ಬ ಹೆಂಗಸು ಸೀತನಿ ಸುಡುತ್ತಿದ್ದಳು. ಹಾಲು ತುಂಬಿದ ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ, ಬೆಂದ ಮೇಲೆ ಬಡಿದು ಕಾಳು ಉದುರಿಸಿ, ಶೇಂಗಾ ಹಿಂಡಿಯ ಜೊತೆ ಕೊಡುತ್ತಾರಲ್ಲ, ಅದು. ಬಸವನ ಬಾಗೇವಾಡಿಯ ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದಕ್ಕೆ ಬಾಯಲ್ಲಿ ನೀರೂರಬೇಕು. ನನಗೆ ಸಿಟ್ಟು ಬಂತು. ಇಷ್ಟು ವರ್ಷಗಳಾದರೂ ಬರುತ್ತದೆ. ನಾಲತವಾಡದ ಕಡೆ ನಾನು ಕಳೆದ ಒಂದು ಹಿಂಗಾರಿಯ ವಾಸನೆ ಅದು. ಆ ಹಿಂಗಾರಿಯಲ್ಲಿ ನನಗೆ ನನ್ನ ದೇವರು ಯಾರೆಂದು ಒಬ್ಬಳು ತೋರಿಸಿಕೊಟ್ಟಳು. ಆಮೇಲೆ ಅವಳೇ ಅವನ ಮುಂದೆ, ನನ್ನ ಮುಂದೆ, ಒಬ್ಬ ಬಡ ಹೆಂಗಸಿನ ಮುಂದೆ ಬಾಯಿ ಹೊಲಿದುಕೊಂಡು ಕುಳಿತಳು.

ನನ್ನ ಹೆಸರು ಎಸ್ತರ್. ವೃತ್ತಿಯಿಂದ ಶಾಲಾ ಶಿಕ್ಷಕಿ. ಹುಟ್ಟಿ ಬೆಳೆದದ್ದು ಇಂಡಿಯಲ್ಲಿ, ಅಜ್ಜನ ಕಾಲಕ್ಕೇ ಕ್ರೈಸ್ತರಾಗಿದ್ದ ಮನೆಯಲ್ಲಿ. ಅಪ್ಪ ಟೇಲರ್. ತಗಡಿನ ಛಾವಣಿಯ ಒಂದು ಪ್ರಾರ್ಥನಾ ಮಂದಿರ, ಅಲ್ಲಿ ಸೇರುತ್ತಿದ್ದ ಕೆಲವೇ ಮನೆಗಳ ಜನ. ರವಿವಾರ ಆರಾಧನೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹತ್ತು ಆಜ್ಞೆಗಳನ್ನು ಒಪ್ಪಿಸಲು ಹೇಳುತ್ತಿದ್ದರು. ಇಂಡಿಯಲ್ಲಿ ನಿಂಬೆ ಗಿಡಕ್ಕೇನು ಕೊರತೆ? ಮುಳ್ಳು ಸವರಿದ ಒಂದು ನಿಂಬೆಯ ಬರಲು, ಅಂದರೆ ಸಣ್ಣ ಕೋಲು, ಯಾವಾಗಲೂ ಕಿಟಕಿಯಲ್ಲಿರುತ್ತಿತ್ತು. ಆಜ್ಞೆ ಮರೆತರೆ ಮಾತ್ರವಲ್ಲ, ಹಿಂದೆ ಮುಂದೆ ಆದರೂ ಅಂಗೈಗೆ ಏಟು. ಹಾಗಾಗಿ ನನ್ನ ಪಾಲಿಗೆ ದೇವರೆಂದರೆ ಹೇಳದೆ ಕೇಳದೆ ಶಾಲೆಗೆ ಬರುವ ಇನ್‌ಸ್ಪೆಕ್ಟರ್. ಮಾಡಬೇಡ, ಮುಟ್ಟಬೇಡ, ನೋಡಬೇಡ ಎನ್ನುವುದನ್ನು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತು ಇರಬಹುದೆಂದು ನನಗೆ ಅನಿಸಿಯೇ ಇರಲಿಲ್ಲ. ಅವನಿಗೆ ಹೆದರುತ್ತಿದ್ದೆ. ಪ್ರೀತಿ ಮಾಡುತ್ತೇನೆಂದು ಹಾಡಿನಲ್ಲಿ ಮಾತ್ರ ಹೇಳುತ್ತಿದ್ದೆ.

ಮದುವೆಯಾಗಿ ಸಿಂದಗಿಗೆ ಬಂದೆ. ಕೆಲಸ ಸಿಕ್ಕಿದ್ದು ಮುದ್ದೇಬಿಹಾಳ ತಾಲೂಕಿನ, ನಾಲತವಾಡದಿಂದ ಒಂದಿಷ್ಟು ಒಳಗಿರುವ ಹಳ್ಳಿಯಲ್ಲಿ. ಊರಿನ ಹೆಸರು ಬೇಡ. ನಾಲತವಾಡದಲ್ಲಿ ಕೋಣೆ ಮಾಡಿಕೊಂಡು, ಶನಿವಾರ ಬಸ್ಸು ಬದಲಿಸುತ್ತ ಸಿಂದಗಿಗೆ ಬಂದು, ಸೋಮವಾರ ನಸುಕಿನಲ್ಲೇ ಮತ್ತೆ ಹೊರಡುತ್ತಿದ್ದೆ. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎನ್ನುತ್ತಾರೆ. ಆ ಶಾಲೆಯಲ್ಲಿ ನನಗಿಂತ ಮೊದಲಿದ್ದ ಅಕ್ಕೋರು ಶಾರದಾ. ಅವಳು ಅದೇ ಊರಿನ ಗೌಡರ ಮನೆಯ ಕಿರಿಯ ಸೊಸೆ. ಗಂಡ ಮುದ್ದೇಬಿಹಾಳದಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದ. ಹೊಲ, ಮನೆ, ಊರಿನ ಕಾರಭಾರವೆಲ್ಲ ಭಾವ ಸಂಗನಗೌಡನದು. ನಮ್ಮ ಶಾಲೆಯ ಸಮಿತಿಗೂ ಅವನೇ ಅಧ್ಯಕ್ಷ. ಶಾರದಾ ಶಾಲೆಯಲ್ಲಿ ಬಾಯಿಬಡಕಿ, ನಗೆಗಾರ್ತಿ. ಭಾವ ಎದುರಿಗೆ ಬಂದರೆ ಸೆರಗು ತಲೆಯ ಮೇಲೆ ಬರುತ್ತಿತ್ತು, ಮಾತು ನಿಲ್ಲುತ್ತಿತ್ತು. ಆ ಮನೆಯ ಸೊಸೆಯಂದಿರು ಭಾವನೆದುರು ಮಾತಾಡುವ ಪದ್ಧತಿ ಇರಲಿಲ್ಲ. ನಾನು ಅದನ್ನು ನೋಡಿ ನಗುತ್ತಿದ್ದೆ. ಆಗ ಅದರಲ್ಲಿ ನಗುವಂಥದ್ದು ಇತ್ತು.

ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ನಾನು ಬೈಬಲ್ ಓದುವುದಿತ್ತು. ಭಕ್ತಿಗಿಂತ ಹೆಚ್ಚಾಗಿ ಅಮ್ಮನಿಗೆ ಕೊಟ್ಟ ಮಾತಿಗಾಗಿ. ದೀಪಾವಳಿ ಕಳೆದ ಮೇಲೆ ಒಂದು ದಿನ, ನಾನು ಕೈ ತೊಳೆದು ಬರುವಷ್ಟರಲ್ಲಿ ಶಾರದಾ ಆ ಪುಸ್ತಕ ತೆಗೆದುಕೊಂಡು ಎಲ್ಲೋ ನಡುವಿನ ಒಂದು ಪುಟದಲ್ಲಿ ಮುಳುಗಿದ್ದಳು.

"ಎಸ್ತರ್ ಅಕ್ಕೋರ, ನಿಮ್ಮ ದೇವ್ರು ಒಕ್ಕಲತನ ಮಾಡಿದಂವ ಏನ್ರಿ?" ಎಂದಳು.

"ಯಾಕ್ರಿ?"

"ರಾಶಿ ಮಾಡೂಮುಂದ ಎತ್ತಿನ ಬಾಯಿ ಕಟ್ಟಬ್ಯಾಡ್ರಿ ಅಂದಾನ ನೋಡ್ರಿ ಇಲ್ಲೆ. ದುಡಿಯೂದು ಅದು, ನಾಕ ಕಾಳ ತಿಂದ್ರ ತಿನ್ನವಲ್ದ್ಯಾಕ ಅಂತ. ಹೊಲದಾಗ ನಿಂತು ನೋಡದಽ ಇದ್ದಾವಗ ಇದು ಹೊಳ್ಯೂದಿಲ್ರಿ."

ನಾನು ಅದನ್ನು ಓದಿರಲಿಲ್ಲ. ನಮಗೆ ಬಾಯಿಪಾಠ ಮಾಡಿಸಿದ್ದು ಹತ್ತು. ಆ ಹತ್ತು ಆಜ್ಞೆಗಳು ಮನೆಯ ಮುಂಬಾಗಿಲು ಮಾತ್ರ, ಹಿಂದೆ ದೊಡ್ಡ ಹಿತ್ತಿಲೇ ಇದೆಯೆಂದು ನನಗೆ ಗೊತ್ತಾದದ್ದು ಅವಳಿಂದ. ಅಂದಿನಿಂದ ಅದು ನಮ್ಮ ರೂಢಿಯಾಯಿತು. ಅವಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಹಕ್ಕಿಯ ಗೂಡು ಸಿಕ್ಕರೆ ಮರಿಗಳ ಜೊತೆ ತಾಯಿಯನ್ನೂ ಹಿಡಿಯಬೇಡ ಎನ್ನುವ ಕಡೆ ಬಂದಾಗ ಅವಳು ತಲೆಯೆತ್ತಿ ಬೇವಿನ ಟೊಂಗೆಗಳನ್ನು ನೋಡಿದಳು. ವೈರಿಯ ಎತ್ತು ದಾರಿ ತಪ್ಪಿದ್ದು ಕಂಡರೆ ಹೊಡೆದುಕೊಂಡು ಹೋಗಿ ಅವನ ಮನೆಗೇ ಬಿಟ್ಟು ಬಾ ಎನ್ನುವುದಕ್ಕೆ, "ಇದೊಂದ ಆಗೂದಿಲ್ರಿ ನಮ್ಮೂರಾಗ," ಎಂದು ನಕ್ಕಳು. ಬಡವನಿಂದ ಒತ್ತೆ ಇಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡು ಎನ್ನುವುದನ್ನು ಎರಡು ಸಲ ಓದಿದಳು.

"ಇಲ್ಲಾಂದ್ರ ಆ ಬಡವ ಏನ ಹೊಚಗೊಂಡು ಮಲಗಬೇಕು ಅಂತ ಕೇಳ್ಯಾನ. ಹುಕುಂ ಮಾಡಾವ್ರು ಹಿಂಗ ಕೇಳ್ತಾರೇನ್ರಿ? ನಮ್ಮ ಭಾವನೋರು ಒಂದ ದಿನ ಕೇಳಿಲ್ಲ, ಆ ಆಳಿನ ಮನ್ಯಾಗ ಕೌದಿ ಐತೋ ಇಲ್ಲೋ ಅಂತ. ಇಂವಾ ಕೌದಿ ಲೆಕ್ಕ ಇಡೂ ದೇವ್ರರಿ."

ಹತ್ತು ಆಜ್ಞೆಗಳನ್ನೂ ಅವಳು ಹಾಗೆಯೇ ಬಿಚ್ಚಿದಳು. ವಾರಕ್ಕೊಂದು ದಿನ ನೀನು, ನಿನ್ನ ಮಗ, ಮಗಳು, ಆಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರೂ ದಣಿವಾರಿಸಿಕೊಳ್ಳಿ ಎನ್ನುವ ಕಡೆ ಬೆರಳಿಟ್ಟು, "ನಮ್ಮಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಖರೇ, ಇದ್ರಾಗ ಹೆಂಡ್ತಿ ಹೆಸರ ಎಲ್ಲೈತ್ರಿ? ಎತ್ತಿಗೆ ಸೂಟಿ ಐತಿ, ಕತ್ತಿಗೆ ಸೂಟಿ ಐತಿ. ನಿಮ್ಮ ದೇವ್ರೂ ಗಂಡಸ," ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನನಗೆ ಮೊದಲಿನಿಂದಲೂ ಮುಜುಗರವಾಗುತ್ತಿದ್ದ ಒಂದು ಮಾತಿತ್ತು. ಬೇರೆ ದೇವರಿಗೆ ಅಡ್ಡಬೀಳಬೇಡಿ, ನಾನು ಸಹಿಸುವವನಲ್ಲ ಎಂದು ದೇವರೇ ಹೇಳಿಕೊಳ್ಳುವುದು. ಅನ್ಯ ಮನೆಯವಳ ಮುಂದೆ ಅದನ್ನು ಹೇಗೆ ಓದಲಿ ಎಂದು ನಾನು ಪುಟ ಮುಚ್ಚಿದೆ. ಅವಳು ನನ್ನ ಕೈ ಸರಿಸಿ ಓದಿದಳು.

"ನಾಚಗೋಬ್ಯಾಡ್ರಿ. ಅದಕ್ಕೂ ಮೊದಲ ಏನಂದಾನ ನೋಡ್ರಿ. ನಿಮ್ಮನ್ನ ಜೀತದಿಂದ ಬಿಡಿಸಿಕೊಂಡ ಬಂದಾವ ನಾ ಅಂದಾನ. ಮೊದಲ ಮಾಡಿ ತೋರಿಸ್ಯಾನ, ಆಮ್ಯಾಲ ಕೇಳ್ಯಾನ. ಜೀವಾ ಹಚ್ಚಿಕೊಂಡಾವಗ ಸಂಕಟ ಆಗತೈತ್ರಿ. ಕಲ್ಲಿಗೇನ ಆಗತೈತಿ?"

ಆ ವಾರ ಸಿಂದಗಿಗೆ ಬಂದು ಗಂಡನಿಗೆ ಇದನ್ನೆಲ್ಲ ಹೇಳಿದೆ. "ನಿನ್ನ ದೇವರ ಗುರುತು ನಿನಗ ಗೌಡರ ಸೊಸಿ ಮಾಡಿಸಿಕೊಡಬೇಕಾತು," ಎಂದು ಅವನು ತಮಾಷೆ ಮಾಡಿದ. ನಿಜವೇ ಆಗಿತ್ತು. ನಿಂಬೆಯ ಬರಲು ಹಿಡಿದಿದ್ದವನು ಹೋಗಿ, ಎತ್ತಿನ ಬಾಯಿ, ಹಕ್ಕಿಯ ಗೂಡು, ಕೂಲಿಯವನ ಕೌದಿ ನೋಡುತ್ತ ಊರೊಳಗೆ ಓಡಾಡುವವನೊಬ್ಬ ನನ್ನ ಪ್ರಾರ್ಥನೆಯೊಳಗೆ ಬಂದಿದ್ದ. ಆ ಚಳಿಗಾಲದಷ್ಟು ಸುಖವಾಗಿ ನಾನು ಎಂದೂ ಪ್ರಾರ್ಥನೆ ಮಾಡಿಲ್ಲ.

ಒಂದು ದಿನ ಓದಿದ ಇನ್ನೊಂದು ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಕಣ್ಣಾರೆ ಕಂಡವನು, ಸಾಕ್ಷಿ ಹೇಳಿರೆಂದು ಕರೆದಾಗ ಸುಮ್ಮನಿದ್ದರೆ ಆ ಪಾಪ ಅವನ ತಲೆಗೇ ಎನ್ನುವುದು. ಸುಳ್ಳು ಸಾಕ್ಷಿ ಬೇಡವೆಂಬುದು ನನಗೆ ಗೊತ್ತಿತ್ತು, ಮೌನವೂ ಲೆಕ್ಕಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಅದನ್ನು ಹುಡುಕಿ ಓದಿದವಳು ಶಾರದಾ. "ಈ ಕಾಯಿದೆ ಬಂದ್ರ ನಮ್ಮೂರ ಕಟ್ಟಿ ಮ್ಯಾಲ ಕುಂಡ್ರಾಕ ಒಬ್ಬರೂ ಉಳಿಯೂದಿಲ್ರಿ," ಎಂದಿದ್ದಳು.

ನಮ್ಮ ಶಾಲೆಯ ಬಿಸಿಯೂಟದ ಅಡಿಗೆಮನೆಯಲ್ಲಿ ಹಣಮವ್ವ ಎಂಬಾಕೆ ಸಹಾಯಕಿ. ಗಂಡನಿಲ್ಲ, ಮದುವೆಯಾದ ಮಗಳು ತಂಗಡಗಿಯಲ್ಲಿ. ಶಾಲೆಯ ಕೆಲಸ ಮುಗಿಸಿ ಸುಗ್ಗಿಯ ದಿನಗಳಲ್ಲಿ ಹಕ್ಕಲಿಗೆ ಹೋಗುತ್ತಿದ್ದಳು. ಜೋಳ ಕಿತ್ತು, ತೆನೆ ಮುರಿದು ಸಾಗಿಸಿದ ಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದ ತೆನೆ ಆಯ್ದುಕೊಳ್ಳುವುದೇ ಹಕ್ಕಲು. ಅದು ಬಡವರದೆಂದು ಹಿಂದಿನವರು ಒಪ್ಪಿಕೊಂಡಿದ್ದರು. ಈಗೀಗ ಹೊಲದವರು ಬಿದ್ದದ್ದನ್ನೂ ಬಿಡದೆ ಆರಿಸುತ್ತಾರೆ, ಇಲ್ಲವೇ ಆಡು ಬಿಡುತ್ತಾರೆ. ಹಣಮವ್ವನ ಬುಟ್ಟಿ ತಳ ಕಾಣುವಂತೆಯೇ ಮನೆಗೆ ಹೋಗುತ್ತಿತ್ತು. ಅವಳು ದೂರುವವಳಲ್ಲ. "ಹಕ್ಕಿ ಬಿಟ್ಟಿದ್ದು ನನಗ, ನಾ ಬಿಟ್ಟಿದ್ದು ಹಕ್ಕಿಗೆ," ಎನ್ನುತ್ತಿದ್ದಳು.

ಎಳ್ಳಮವಾಸ್ಯೆಗೆ ಶಾರದಾ ನನ್ನನ್ನು ಹೊಲಕ್ಕೆ ಕರೆದಳು. ಟ್ರ್ಯಾಕ್ಟರಿನಲ್ಲಿ ಹೋದೆವು. ಹಳ್ಳದ ಪಕ್ಕದ ಎರೆಹೊಲ, ತಲೆಯೆತ್ತರದ ಬಿಳಿಜೋಳ, ಮೂಲೆಯಲ್ಲೊಂದು ಬನ್ನಿಗಿಡ. ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು ಇಟ್ಟು ಪೂಜೆ ಮಾಡಿದರು. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಭಜ್ಜಿ, ಎಣ್ಣೆಗಾಯಿ, ಮೊಸರನ್ನ ಎಲ್ಲವನ್ನೂ ಕಲಸಿ ಸಂಗನಗೌಡ ಹೊಲದ ಸುತ್ತ ಚರಗ ಚೆಲ್ಲುತ್ತ ನಡೆದ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸುವುದು ಎನ್ನುತ್ತಾರೆ. ಪ್ರತಿ ಮೂಲೆಯಲ್ಲೂ ನಿಂತು ಒಂದು ತುತ್ತು ಹೆಚ್ಚಿಗೆ ಹಾಕಿದ. ಶಾರದಾ ಅದನ್ನೇ ನೋಡುತ್ತಿದ್ದಳು.

"ನಾವು ಮೂಲಿಗೆ ಉಣಸ್ತೇವಿ. ನಿಮ್ಮ ದೇವ್ರು ಮೂಲಿ ಕೊಯ್ಯಬ್ಯಾಡ್ರಿ, ಬಡವರಿಗೆ ಪರದೇಶಿಗೆ ಬಿಡ್ರಿ ಅಂದಾನ. ಎರಡೂ ಒಂದ ಮನಸಿನ ಮಾತ ಅಲ್ಲೇನ್ರಿ?" ಎಂದು ಪಿಸುದನಿಯಲ್ಲಿ ಕೇಳಿದಳು. ನಾವು ಹಿಂದಿನ ವಾರವಷ್ಟೇ ಅದನ್ನು ಓದಿದ್ದೆವು.

ಸಂಜೆಗೆ ಗಂಡಸರು ಹಳ್ಳದ ಕಡೆ ಹೋದಾಗ ಆಳುಗಳು ಸೀತನಿ ಸುಟ್ಟರು. ಹಣಮವ್ವ ಪಾತ್ರೆ ತಿಕ್ಕಲು ಬಂದಿದ್ದಳು. ಶಾರದಾ ಬಿಸಿ ಸೀತನಿಯನ್ನು ಬೊಗಸೆಯಲ್ಲಿ ತುಂಬಿ ಅವಳ ಸೆರಗಿಗೆ ಹಾಕಿದಳು.

"ಹಣಮವ್ವ, ಈ ವರ್ಷ ಬನ್ನಿಗಿಡದ ಮೂಲಿ ಕೀಳಸೂದಿಲ್ಲ. ಅದು ನಿಂದು. ಬಿದ್ದಿದ್ದು ಆರಸೂದಲ್ಲ, ನಿಂತ ಜೋಳನ ಕೊಯ್ಕೊಂಡ ಹೋಗು."

ಹಣಮವ್ವ ನನ್ನ ಮುಖ ನೋಡಿದಳು. ಚೇಷ್ಟೆ ಎಂದುಕೊಂಡಿರಬೇಕು. "ಗೌಡ್ರು ಏನಂತಾರೋ ಯವ್ವಾ," ಎಂದಳು.

"ಅವರಿಗೆ ನಾ ಹೇಳ್ತೇನಿ. ನಾ ಇದ್ದೇನಲ್ಲ," ಎಂದಳು ಶಾರದಾ. ನನ್ನ ಕೈ ಹಿಡಿದು, "ಎಸ್ತರ್ ಅಕ್ಕೋರೂ ಕೇಳ್ಯಾರ. ಇನ್ನೇನ?" ಎಂದಳು. ಹಣಮವ್ವ ಸೀತನಿಯನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿನಲ್ಲೇ ಗಂಟು ಕಟ್ಟಿಕೊಂಡಳು. ಕೆಂಡದ ಹೊಗೆ ಕಣ್ಣಿಗೆ ಹೋಗಿ ನನಗೆ ನೀರು ಬಂತು ಎಂದು ನಾನು ಹೇಳಿದೆ. ಹೊಗೆಯೊಂದೇ ಕಾರಣವಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಫೆಬ್ರುವರಿಯಲ್ಲಿ ಜೋಳ ಕೀಳಲು ಶುರುವಾಯಿತು. ಶಾರದಾ ಆಳುಗಳಿಗೆ, "ಬನ್ನಿಗಿಡದ ಕಡೆ ಇನ್ನಾ ಹಸಿ ಐತಿ, ಬಿಡ್ರಿ," ಎಂದು ಹೇಳಿದಳಂತೆ. ಮರುದಿನ ಶಾಲೆಯಲ್ಲಿ ಅವಳೇ ಅದನ್ನು ಹೆಮ್ಮೆಯಿಂದ ಹೇಳಿದಳು. ನನಗೆ ಚುರುಕ್ ಎಂದಿತು.

"ಭಾವನೋರಿಗೆ ಹೇಳಿಲ್ಲೇನ್ರಿ?"

"ಸುಮ್ನ ಯಾಕ ಮಾತ ಬೆಳಸೂದ್ರಿ. ಕೆಲಸ ಆತಲ್ಲ."

ನಾನು ಅಷ್ಟಕ್ಕೇ ಬಿಟ್ಟೆ. ಅವಳ ಮನೆ, ಅವಳ ಹೊಲ, ಅವಳಿಗೆ ದಾರಿ ಗೊತ್ತಿರುತ್ತದೆ ಎಂದುಕೊಂಡೆ.

ಹಣಮವ್ವ ಸೋಮವಾರ ಸಂಜೆ ಹೋದಳು. ಎತ್ತು ಹೂಡದ ದಿನ, ಹೊಲದಲ್ಲಿ ಯಾರ ಗದ್ದಲವೂ ಇರುವುದಿಲ್ಲ ಎಂದು ಅವಳು ಆ ದಿನ ಆರಿಸಿಕೊಂಡಿದ್ದಳು. ಆಮೇಲೆ ಅದೇ ಅವಳಿಗೆ ಮುಳುವಾಯಿತು. ಯಾರೂ ಇಲ್ಲದ ದಿನ ನೋಡಿಕೊಂಡು ಹೋದಳು ಎಂದರು. ಅರ್ಧ ಮೂಲೆ ಕೊಯ್ದು ಹೊರೆ ಕಟ್ಟುತ್ತಿದ್ದಾಗ ಸಂಗನಗೌಡ ಮೋಟರ್ ಸೈಕಲ್ ನಿಲ್ಲಿಸಿದ. ಹೊರೆಯನ್ನು ಅವಳ ತಲೆಯ ಮೇಲೇ ಹೊರಿಸಿ ಊರ ತನಕ ನಡೆಸಿದ. ಹಾಗೆ ನಿಂತವಳ ಫೋಟೋ ರಾತ್ರಿಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಕೈಗೂ ಮುಟ್ಟಿತು.

ಮರುದಿನ ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಸಮಿತಿ ಸೇರಿತು. ಕಳವು ಮಾಡಿದವಳ ಕೈಯಲ್ಲಿ ಮಕ್ಕಳ ಅಕ್ಕಿ ಬೇಳೆ ಕೊಡುವುದು ಹೇಗೆ ಎಂಬುದು ಪ್ರಶ್ನೆ. ಹೊರೆ ಅಂಗಳದಲ್ಲಿ ಬಿದ್ದಿತ್ತು. ಹಣಮವ್ವ ಮೆಟ್ಟಿಲ ಕೆಳಗೆ ನಿಂತಿದ್ದಳು. ಹೆಡ್ ಮಾಸ್ತರರು ಮೇಜಿನ ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದರು. ಶಾರದಾ ನನ್ನ ಪಕ್ಕದ ಕುರ್ಚಿಯಲ್ಲಿದ್ದಳು.

ಸಂಗನಗೌಡ ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಹೇಳಿದ. "ಹಕ್ಕಲ ಅಂದ್ರ ನೆಲಕ್ಕ ಬಿದ್ದಿದ್ದು. ಅದಕ್ಕ ನಾವು ಎಂದೂ ಬ್ಯಾಡ ಅಂದಿಲ್ಲ. ನಿಂತ ಬೆಳಿಗೆ ಕುಡಗೋಲ ಹಾಕಿದ್ರ ಅದಕ್ಕ ಏನಂತಾರ, ನೀವ ಹೇಳ್ರಿ ಮಾಸ್ತರ."

"ಶಾರದಾ ಅಕ್ಕೋರು ಕೊಟ್ಟಾರ್ರಿ," ಎಂದಳು ಹಣಮವ್ವ. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. "ಎಳ್ಳಮಾಸಿ ದಿನಾನ ಹೇಳ್ಯಾರ. ಎಸ್ತರ್ ಅಕ್ಕೋರೂ ಅಲ್ಲೇ ಇದ್ರು."

ನಾನು ಎದ್ದು ನಿಂತೆ. "ಖರೇ ಐತ್ರಿ. ನನ್ನ ಮುಂದ ಹೇಳ್ಯಾರ. ಆ ಮೂಲಿ ಹಣಮವ್ವಗ ಅಂತ ಬಿಟ್ಟಿದ್ದು."

ಸಂಗನಗೌಡ ನನ್ನತ್ತ ಮರ್ಯಾದೆಯಿಂದಲೇ ತಿರುಗಿದ. "ನಮ್ಮ ಹೊಲದ ಉಸಾಬರಿ ನಿಮಗ್ಯಾಕ್ರಿ ಅಕ್ಕೋರ? ಬೇವಿನ ಗಿಡದ ಕೆಳಗ ಕುಂತು ನೀವು ನಮ್ಮ ಮನೀ ಹೆಣ್ಮಗಳಿಗೆ ಏನ ಓದಸಾಕತ್ತೀರಿ ಅನ್ನೂದು ಊರಿಗೆಲ್ಲಾ ಗೊತ್ತೈತಿ. ಅದನ್ನ ಇವತ್ತ ತಗಿಯೂದ ಬ್ಯಾಡ." ಶಾರದಾಳತ್ತ ಕೈ ಮಾಡಿ, "ನಿಮ್ಮ ಮಾತ ಇರಲಿ. ನಮ್ಮ ಮನಿ ಸೊಸಿ ಇಲ್ಲೇ ಕುಂತಾಳ. ಇವತ್ತ ಆಕಿ ನನ್ನ ಮುಂದ ಮಾತಾಡಿದ್ರೂ ನಡೀತೈತಿ. ಕೊಟ್ಟೇನಿ ಅನ್ನಲಿ, ಇಲ್ಲಿಗೇ ಮುಗೀತು," ಎಂದ.

ಅವನು ಬಾಗಿಲು ತೆರೆದೇ ಕೊಟ್ಟಿದ್ದ. ಇದನ್ನು ನಾನು ಇಂದಿಗೂ ಅವನ ಲೆಕ್ಕಕ್ಕೆ ಜಮಾ ಮಾಡುತ್ತೇನೆ. ಹಣಮವ್ವನ ಮುಖ ಅರಳಿತು. ಅವಳಿಗೆ ಇನ್ನು ಚಿಂತೆಯೇ ಇರಲಿಲ್ಲ. ಶಾರದಾ ಅಕ್ಕೋರು ಇದ್ದಾರಲ್ಲ.

ಶಾರದಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಂಗಳದ ಹೊರೆಯನ್ನು ನೋಡಿದಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನಾನು ಮೆಲ್ಲಗೆ, "ಹೇಳ್ರಿ ಶಾರದಾ," ಎಂದೆ. ಅವಳ ಮೊಣಕೈ ಮುಟ್ಟಿದೆ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹೊರಗೆ ಯಾವುದೋ ಹುಡುಗ ಬೋರಿನ ಹ್ಯಾಂಡಲ್ ಒತ್ತುತ್ತಿದ್ದ ಸದ್ದು. ಹಣಮವ್ವ ನಗುಮುಖದಲ್ಲೇ ಕಾಯುತ್ತಿದ್ದಳು, ಮಾತು ಈಗ ಬರುತ್ತದೆ ಎಂಬಂತೆ. ಆ ಮುಖ ನಿಧಾನವಾಗಿ ಬದಲಾದದ್ದನ್ನು ನಾನು ನೋಡಬೇಕಾಯಿತು.

"ಆತು ಬಿಡ್ರಿ," ಎಂದ ಸಂಗನಗೌಡ.

ಹಣಮವ್ವನ ಕೆಲಸ ಅಂದೇ ಹೋಯಿತು. ಹೊಲಗಳ ಬಾಗಿಲೂ ಮುಚ್ಚಿತು. ಕಳ್ಳಿ ಎನಿಸಿಕೊಂಡವಳನ್ನು ಯಾರು ಹಕ್ಕಲಿಗೆ ಬಿಡುತ್ತಾರೆ?

ಎಲ್ಲರೂ ಹೋದ ಮೇಲೆ ಏಳನೇ ತರಗತಿಯ ಕೋಣೆಯಲ್ಲಿ ಶಾರದಾಳನ್ನು ಹಿಡಿದು ನಿಲ್ಲಿಸಿದೆ. ಸಿಟ್ಟಿನಲ್ಲಿ ನನಗೆ ಮಾತು ತೊದಲುತ್ತಿತ್ತು.

"ನಾ ಸುಳ್ಳಂತೂ ಹೇಳಿಲ್ರಿ," ಎಂದಳು ಅವಳು.

"ಸುಮ್ಮಿದ್ದಾವನ ತಲಿಗೂ ಪಾಪ ಐತಿ ಅಂತ ಓದಿದವರು ಯಾರ್ರಿ? ನಾನೋ ನೀವೋ?"

ಅವಳು ಅಳುತ್ತಿದ್ದಳು. "ನಾ ಕೊಟ್ಟೇನಿ ಅಂದಿದ್ರ, ಯಾಕ ಕೊಟ್ಟಿ ಅಂತ ಕೇಳ್ತಿದ್ರು. ಯಾವ ಪುಸ್ತಕದಾಗ ಐತಿ ಅಂತ ಕೇಳ್ತಿದ್ರು. ನಿಮ್ಮ ನೌಕರಿಗೆ ಕುತ್ತ ಬರ್ತಿತ್ತು. ನಿಮ್ಮ ಸಲುವಾಗಿನ ಸುಮ್ಮಿದ್ದೆ."

"ಅದನ್ನ ನನ್ನ ಹೆಗಲಿಗೆ ಹಾಕಬ್ಯಾಡ್ರಿ. ನಾ ಎದ್ದ ನಿಂತಿದ್ದೆ."

ಆಗ ಅವಳು ಕಣ್ಣೊರೆಸಿಕೊಂಡು ಹೇಳಿದ ಮಾತು ನನ್ನ ಎದೆಯಲ್ಲಿ ಇಂದಿಗೂ ಮುರಿದ ಮುಳ್ಳು. "ಅದು ನಿಮ್ಮ ದೇವರ ಕಾಯಿದೆರಿ. ನನಗ್ಯಾಕ ಅದು?"

ನಿಮ್ಮ ದೇವರು. ಮೊದಲೂ ಅವಳು ಹಾಗೆಯೇ ಅನ್ನುತ್ತಿದ್ದಳು, ಆದರೆ ನೆರೆಮನೆಯ ಹಿರಿಯನ ಬಗ್ಗೆ ಹೇಳುವ ಸಲಿಗೆ ಇರುತ್ತಿತ್ತು. ಈಗ ಬೇಲಿಯಾಚೆ ಎಸೆದ ಹಾಗೆ ಹೇಳಿದಳು. ಅವನನ್ನು ನನಗೆ ಕೊಟ್ಟವಳೇ ತಿರುಗಿ ನನ್ನ ಮೇಲೆ ಒಗೆದಳು.

ಹಣಮವ್ವ ಊರು ಬಿಟ್ಟ ದಿನ ನಾಲತವಾಡದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಮ್ಮನ ಜೊತೆ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೊರಟಿದ್ದಳು. ಕಬ್ಬು ಕಡಿಯುವ ವಯಸ್ಸಲ್ಲ ಅವಳದು. ನನ್ನನ್ನು ಕಂಡು ಎದ್ದು ನಿಂತಳು, ಯಾವಾಗಲೂ ನಿಲ್ಲುವ ಹಾಗೆ.

"ಅಕ್ಕೋರ, ಒಂದ ಕೇಳ್ತೇನಿ. ಮೂಲಿ ಬಡವರದು ಅಂತ ನಿಮ್ಮ ದೇವ್ರು ಖರೇನ ಅಂದಾನೇನ್ರಿ? ಶಾರದಾ ಅಕ್ಕೋರು ಹಂಗಂತ ಹೇಳಿದ್ರು."

"ಅಂದಾನ ಹಣಮವ್ವ."

"ಹಂಗಾರ ಅವತ್ತ ಬಂದು ಅನ್ನಾಕ ಏನಾಗಿತ್ತು ಅವಗ?"

ಅವಳು ವ್ಯಂಗ್ಯ ಮಾಡಲಿಲ್ಲ. ನಿಜವಾಗಿಯೂ ಕೇಳಿದಳು. ಬಸ್ಸು ಬಂತು, ಅವಳು ಗಂಟು ಎತ್ತಿಕೊಂಡಳು. ಮತ್ತೆ ನಾನು ಅವಳನ್ನು ನೋಡಿಲ್ಲ. ಪರೀಕ್ಷೆ ಮುಗಿದ ಮೇಲೆ ವರ್ಗಾವಣೆ ಕೇಳಿಕೊಂಡು ಬಸವನ ಬಾಗೇವಾಡಿಯ ಕಡೆ ಬಂದೆ.

ಬಹಳ ದಿನ ಪ್ರಾರ್ಥನೆ ಮಾಡಲಿಲ್ಲ. ಶಾರದಾ ನನಗೆ ಮೋಸ ಮಾಡಿದಳು, ಸರಿ. ಅವನೂ ಮಾಡಿದ ಎಂದೇ ನನ್ನ ಲೆಕ್ಕ. ಎತ್ತಿನ ಬಾಯಿಯ ಬಗ್ಗೆ ಅಷ್ಟು ಯೋಚಿಸುವವನು ಒಬ್ಬ ಹೆಂಗಸಿನ ಮಾನ ಹೋಗುವಾಗ ಎಲ್ಲಿದ್ದ? ಒಂದು ಕ್ರಿಸ್‌ಮಸ್ ರಜೆಗೆ ಇಂಡಿಗೆ ಹೋದಾಗ ಅದೇ ತಗಡಿನ ಮಂದಿರದಲ್ಲಿ ಹೊಸ ಮಕ್ಕಳು ಹತ್ತು ಆಜ್ಞೆ ಒಪ್ಪಿಸುತ್ತಿದ್ದರು. ನಿಂಬೆಯ ಬರಲು ಇರಲಿಲ್ಲ, ಅಷ್ಟು ಸುಧಾರಣೆ. ನಿಮ್ಮನ್ನು ಬಿಡಿಸಿಕೊಂಡು ಬಂದವನು ನಾನು, ನನ್ನನ್ನು ಬಿಟ್ಟು ಇನ್ನೊಬ್ಬರ ಕಡೆ ಹೋಗಬೇಡಿ ಎನ್ನುವ ಆ ಮೊದಲ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲ ಸಲ ಅದು ಗದರಿಕೆ ಎನಿಸಲಿಲ್ಲ. ಕೈಕೊಟ್ಟವರನ್ನು ಕಂಡವನ ದನಿ ಅದು. ಏಳನೇ ತರಗತಿಯ ಕೋಣೆಯಲ್ಲಿ ನನ್ನ ದನಿಯೂ ಹಾಗೇ ಇತ್ತು. ನಾನು ಅವನನ್ನು ಕ್ಷಮಿಸಿದೆ ಎನ್ನಲಾರೆ. ಜೊತೆಯಲ್ಲಿ ಕುಳಿತುಕೊಳ್ಳಬಹುದು ಎನಿಸಿತು.

ಸಿಂದಗಿಯಲ್ಲಿ ಸೀತನಿಯ ವಾಸನೆ ಬಡಿದ ಮರುತಿಂಗಳು ನಮ್ಮ ಹಳೆಯ ಹೆಡ್ ಮಾಸ್ತರರ ಮಗಳ ಮದುವೆ ನಾಲತವಾಡದಲ್ಲಿತ್ತು. ಹೋದೆ. ಊಟದ ಪಂಕ್ತಿಯಲ್ಲಿ ಶಾರದಾ ಬಂದು ಕೈ ಹಿಡಿದಳು. ಕೂದಲು ಬೆಳ್ಳಗಾಗಿತ್ತು. "ನಿಮಗೊಂದು ತೋರಸಬೇಕ್ರಿ. ಬರೂದಿಲ್ಲ ಅನಬ್ಯಾಡ್ರಿ," ಎಂದಳು. ಅವಳ ಮಗನ ಕಾರಿನಲ್ಲಿ ಹೋದೆವು.

ಅದೇ ಹೊಲ. ಜೋಳ ಕಿತ್ತು ಕರಿನೆಲ ಬಿಚ್ಚಿ ಬಿದ್ದಿತ್ತು. ಬನ್ನಿಗಿಡದ ಮೂಲೆಯಲ್ಲಿ ಮಾತ್ರ ಜೋಳ ನಿಂತಿತ್ತು. ತೆನೆ ಒಣಗಿ ತಲೆಬಾಗಿತ್ತು, ಗುಬ್ಬಿಗಳು ಕುಕ್ಕಿ ಅರ್ಧ ಬರಿದಾಗಿತ್ತು.

"ವರ್ಷಾ ಬಿಡ್ತೇನ್ರಿ. ಅವತ್ತಿನಿಂದ ಒಂದ ವರ್ಷಾನೂ ತಪ್ಪಿಸಿಲ್ಲ. ಹಕ್ಕಿಗೆ ಬಿಟ್ಟೇನಿ ಅಂತ ಮನ್ಯಾಗ ಹೇಳ್ತೇನಿ." ಶಾಲೆಯ ಮಕ್ಕಳು ಪಾಠ ಒಪ್ಪಿಸಿ ನೋಡುವ ಹಾಗೆ ನನ್ನನ್ನು ನೋಡಿದಳು.

"ಯಾರ ಒಯ್ತಾರ?"

"ಯಾರೂ ಬರೂದಿಲ್ರಿ," ಎಂದಳು. "ಬಿದ್ದಿದ್ದು ಆರಸ್ತಾರ. ಈ ಮೂಲಿ ಹತ್ತರಾನೂ ಸುಳಿಯೂದಿಲ್ಲ."

ಸುಳಿಯುವುದು ಹೇಗೆ? ಹಣಮವ್ವನ ಹೊರೆಯ ಫೋಟೋ ನೋಡಿದವರು ಅವರು. ನನಗೆ ಬಸ್ ನಿಲ್ದಾಣದ ಆ ಪ್ರಶ್ನೆ ನೆನಪಾಯಿತು. ಬಂದು ಹೇಳಲು ದೇವರಿಗೇನಾಗಿತ್ತು? ಅವನು ಹೇಳಿದ್ದ, ಹಣಮವ್ವ. ಹೊಲದವನ ಕಿವಿಯಲ್ಲಿ ಪಿಸುಗುಟ್ಟಲಿಲ್ಲ, ಆಳು, ಪರದೇಶಿ, ಗಂಡನಿಲ್ಲದವಳು ಎಲ್ಲರನ್ನೂ ನಿಲ್ಲಿಸಿಕೊಂಡು ತನ್ನ ಕಾಯಿದೆಯನ್ನು ಎಲ್ಲರ ಕಿವಿಗೆ ಬೀಳುವಂತೆ ಓದಿಸಿದ. ಬಡವಳು ಅದನ್ನು ತನ್ನದೆಂದು ಎದೆಗೊಟ್ಟು ಹೇಳಲಿ ಎಂದೇ ಓದಿಸಿದ. ಆಮೇಲೆ ಆ ಮಾತನ್ನು ನಮ್ಮ ಬಾಯಿಗೆ ಬಿಟ್ಟ. ಅವನು ಮಾಡಿದ ತಪ್ಪು ಅದೊಂದೇ.

ಹಳ್ಳದ ದಾರಿಯಲ್ಲಿ ಮೂರು ನಾಲ್ಕು ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದರು. ಪಕ್ಕದ ಹೊಲದಲ್ಲಿ ಹಕ್ಕಲು ಆಯ್ದು ಬಂದವರು. "ಕರದು ಹೇಳ್ರಿ ಶಾರದಾ," ಎಂದೆ. ಅವಳು ಹೇಳಲಿಲ್ಲ. ನಾನೇ ಕೂಗಿದೆ. "ಯವ್ವಾ, ಇಲ್ಲಿ ಬರ್ರಿ. ಈ ಮೂಲಿ ನಿಮಗ ಅಂತ ಬಿಟ್ಟಾರ."

ಅವರು ನಿಂತರು. ನನ್ನನ್ನು ಯಾರೂ ನೋಡಲಿಲ್ಲ. ಎಲ್ಲರೂ ಶಾರದಾಳನ್ನು ನೋಡಿದರು. ಅವರಲ್ಲಿ ಹಿರಿಯಳು, "ಹೌದೇನ್ರಿ ಅಕ್ಕೋರ?" ಎಂದು ಕೇಳಿದಳು.

ದೂರದಲ್ಲಿ ಯಾರದೋ ಮೋಟರ್ ಸೈಕಲ್ ಸದ್ದಾಯಿತು. ಸಂಗನಗೌಡನದೇ ಇರಬೇಕೆಂದಿಲ್ಲ. ಶಾರದಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆ ಹಿರಿಯಳು ಸ್ವಲ್ಪ ಕಾದು, "ನಡೀರೆವ್ವ, ಹೊತ್ತಾತು," ಎಂದು ಉಳಿದವರನ್ನು ಕರೆದುಕೊಂಡು ಹೊರಟಳು.

ನಾನು ಕಾರಿನ ಕಡೆ ಹೋಗಲಿಲ್ಲ. ಆ ಹೆಂಗಸರ ಹಿಂದೆ ದಾರಿಗೆ ಬಂದೆ. ಹಿರಿಯಳ ಪಕ್ಕಕ್ಕೆ ಬಂದಾಗ ಯಾರೂ ಕೇಳದಿದ್ದರೂ ಹೇಳಿದೆ. "ಹಣಮವ್ವ ಕಳವು ಮಾಡಿದ್ದಿಲ್ಲ. ನಾ ಅಲ್ಲೇ ಇದ್ದೆ. ಆಕಿಗೆ ಕೊಟ್ಟಿದ್ರು."

ಅವಳು ತಲೆಯ ಬುಟ್ಟಿ ಸರಿಪಡಿಸಿಕೊಂಡಳು. ನಡೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ ಬಾಯಾರ," ಎಂದಳು. "ಅವತ್ತ ಎಲ್ಲಾರಿಗೂ ಗೊತ್ತಿತ್ತು."